ಕೊಂದವನ ಮಾತಿಗೆ ಎದುರು ಮಾತಾಡೋರು ಬೇಕು

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಪತ್ರಿಕೆಯಲ್ಲಿ ಕ್ರೈಮ್ ಡಾಕ್ಯುಮೆಂಟರಿಗಳ ಬಗ್ಗೆ ಬರೋ ವಿಮರ್ಶೆಗಳನ್ನ ಓದ್ತಾ ಇರ್ತೀನಿ. ಥ್ರಿಲ್ಲಿಂಗ್ ಆಗಿದೆ, ಒಂದೇ ಕೂತಲ್ಲಿ ನೋಡಬಹುದು ಅಂತೆಲ್ಲಾ ಇರುತ್ತೆ, ಆದ್ರೆ ಸತ್ತವರು ಯಾರು, ಅವರ ಮನೆಯವರನ್ನ ಒಂದು ಮಾತು ಕೇಳಿ ಮಾಡಿದ್ರಾ ಅನ್ನೋದು ಎಲ್ಲೂ ಇರಲ್ಲ. ನಿಜವಾಗ್ಲೂ ಬೇಜಾರಾಗುತ್ತೆ.

ಕೊಲೆಗಾರನ ಮುಂದೆ ಕ್ಯಾಮೆರಾ ಇಡಲೇಬಾರದು ಅಂತಲ್ಲ. ಇಂಡೋನೇಷ್ಯಾದಲ್ಲಿ 1965-66ರಲ್ಲಿ ಕಮ್ಯುನಿಸ್ಟರು ಅಂತ ಹಣೆಪಟ್ಟಿ ಕಟ್ಟಿ ಕಮ್ಮಿ ಅಂದ್ರೂ 5 ಲಕ್ಷ ಜನರನ್ನ ಕೊಂದುಹಾಕಿದ್ರು, ಕೊಂದವರು ಆರಾಮಾಗಿ ಊರಲ್ಲೇ ದೊಡ್ಡಮನುಷ್ಯರಾಗಿ ಉಳಿದ್ರು. ನಿರ್ದೇಶಕ ಜೋಶುವಾ ಓಪನ್‌ಹೈಮರ್ ಮೊದಲು ಬದುಕುಳಿದವರನ್ನ ಶೂಟ್ ಮಾಡೋಕೆ ಹೋದಾಗ ಸೈನ್ಯದವರು ಆ ಜನರನ್ನ ಹೆದರಿಸಿದ್ರು, ಆಗ ಆ ಬದುಕುಳಿದವರೇ, ಕೊಂದವರನ್ನ ಕೇಳಿ ನೋಡಿ, ಜಂಬದಿಂದ ಹೇಳ್ಕೋತಾರೆ ಅಂದ್ರಂತೆ. ಹಂಗೆ ಬಂದಿದ್ದು 2012ರ 'ದಿ ಆಕ್ಟ್ ಆಫ್ ಕಿಲ್ಲಿಂಗ್'. ಅದರಲ್ಲಿ ಮೇದಾನ್ ಊರಿನ ಅನ್ವರ್ ಕಾಂಗೊ ಅನ್ನೋನು, ಒಂದು ಕಾಲದಲ್ಲಿ ಟಾಕೀಸ್ ಮುಂದೆ ಬ್ಲ್ಯಾಕಲ್ಲಿ ಟಿಕೆಟ್ ಮಾರ್ತಿದ್ದವನು, ತಂತಿ ಬಿಗಿದು ಹೆಂಗೆ ಸಾಯಿಸ್ತಿದ್ದೆ ಅಂತ ಖುದ್ದಾಗಿ ತೋರಿಸ್ತಾನೆ. ಆಮೇಲೆ ಒಂದು ಸೀನಲ್ಲಿ ಸಾಯೋನ ಪಾತ್ರ ತಾನೇ ಮಾಡಿ, ಅದನ್ನ ಟಿವೀಲಿ ನೋಡಿ, ಅವರಿಗೂ ನನಗಾದಂಗೇ ಆಗಿತ್ತಾ ಅಂತ ಕೇಳ್ತಾನೆ. ಇಲ್ಲ, ಅವರಿಗೆ ಇನ್ನೂ ಭಯಂಕರವಾಗಿತ್ತು, ನಿಮಗೆ ಇದು ಸಿನಿಮಾ ಅಂತ ಗೊತ್ತು, ಅವರಿಗೆ ಸಾಯ್ತೀವಿ ಅಂತ ಗೊತ್ತಿತ್ತು ಅಂತಾರೆ ನಿರ್ದೇಶಕರು. ಇಡೀ ಸಿನಿಮಾದ ಜೀವ ಇರೋದೇ ಆ ಉತ್ತರದಲ್ಲಿ ಅಂತ ನನಗನ್ಸುತ್ತೆ. ಅಷ್ಟು ವರ್ಷ ಆದ್ರೂ ಭಯ ಹೋಗಿರ್ಲಿಲ್ಲ, ಆ ಸಿನಿಮಾಗೆ ಕೆಲಸ ಮಾಡಿದ ಎಷ್ಟೋ ಇಂಡೋನೇಷ್ಯಾದವರು ತಮ್ಮ ಹೆಸರನ್ನೇ ಹಾಕಿಸ್ಕೊಂಡಿಲ್ಲ.

ಅದೇ ನಿರ್ದೇಶಕರು 2014ರಲ್ಲಿ 'ದಿ ಲುಕ್ ಆಫ್ ಸೈಲೆನ್ಸ್' ಮಾಡಿದ್ರು. ಕನ್ನಡಕ ಕೊಡೋ ಕೆಲಸದ ಆದಿ ಅನ್ನೋರು, ತಾನು ಹುಟ್ಟೋಕೆ ಮುಂಚೆನೇ ಕೊಲೆಯಾದ ಅಣ್ಣನ ಬಗ್ಗೆ ಕೊಂದವರ ಮನೆಗೇ ಹೋಗಿ ಎದುರು ಕೂತು ಕೇಳ್ತಾರೆ. ಕೂಗಾಡಲ್ಲ, ಬೈಯಲ್ಲ. ಒಬ್ಬನಾದ್ರೂ ತಪ್ಪಾಯ್ತು ಅಂತಾನಾ ಅಂತ ಕಾಯ್ತಾರೆ ಅಷ್ಟೇ. ಈ ಎರಡನ್ನೂ ಒಟ್ಟಿಗೆ ನೋಡಿ ಅಂತ ದಯವಿಟ್ಟು ಬರೀರಿ, ಮೊದಲನೇದು ಮಾತ್ರ ನೋಡಿದ್ರೆ ಅರ್ಧ ಕಥೆ.

ಈಗ ಬರ್ತಿರೋ ಎಷ್ಟೋ ಸೀರೀಸ್‌ನಲ್ಲಿ ಹಂತಕನ ಬಾಲ್ಯದ ಫೋಟೋ, ಅವನ ಲವ್ ಸ್ಟೋರಿ, ಅವನ ಬುದ್ಧಿವಂತಿಕೆ ಎಲ್ಲಾ ಎಪಿಸೋಡ್‌ಗಟ್ಟಲೆ ಬರುತ್ತೆ, ಸತ್ತ ಹುಡುಗಿ ಒಂದು ಫೋಟೋ, ಆಮೇಲೆ ರಕ್ತದ ಕಲೆ, ಮುಗೀತು. ಕೊಲೆ ನಡೆದಿದ್ದನ್ನ ನಟರ ಕೈಲಿ ಮಾಡಿಸಿ ಸ್ಲೋ ಮೋಷನ್‌ನಲ್ಲಿ ಮತ್ತೆ ಮತ್ತೆ ತೋರಿಸೋದು ಬೇರೆ, ಆ ಅಮ್ಮ ಅದನ್ನ ಹೆಂಗೆ ನೋಡ್ಬೇಕು ಹೇಳಿ? ಮರುಸೃಷ್ಟಿ ಮಾಡೋದೇ ತಪ್ಪು ಅಂತಲ್ಲ, ನಿರ್ದೇಶಕ ಎರಲ್ ಮಾರಿಸ್ 1988ರ 'ದಿ ಥಿನ್ ಬ್ಲೂ ಲೈನ್'ನಲ್ಲಿ ಮಾಡಿದ್ದೂ ಅದನ್ನೇ, ಆದ್ರೆ ಸಾಕ್ಷಿಗಳ ಹೇಳಿಕೆ ಒಂದಕ್ಕೊಂದು ತಾಳೆ ಆಗಲ್ಲ ಅಂತ ತೋರಿಸೋಕೆ. 1976ರಲ್ಲಿ ಡಲ್ಲಾಸ್‌ನಲ್ಲಿ ನಡೆದ ಪೊಲೀಸ್ ಒಬ್ಬರ ಕೊಲೆ ಕೇಸಲ್ಲಿ ಆ ಹೇಳಿಕೆಗಳನ್ನ ನಂಬಿ ಮೊದಲು ಗಲ್ಲುಶಿಕ್ಷೆ, ಆಮೇಲೆ ಜೀವಾವಧಿ ಆಗಿ ಜೈಲಲ್ಲಿದ್ದ ರ್‍ಯಾಂಡಲ್ ಆಡಮ್ಸ್ ಸಿನಿಮಾ ಬಂದ ಮರುವರ್ಷವೇ ಹೊರಗೆ ಬಂದ್ರು.

ವಿಮರ್ಶೆ ಬರೆಯೋವಾಗ ಸ್ಟಾರ್ ಕೊಡೋ ಮುಂಚೆ ಇಷ್ಟನ್ನ ಬರೀರಿ ಸಾಕು: ಮನೆಯವರು ಒಪ್ಪಿದ್ರಾ, ಕೊಂದವನು ಮಾತಾಡ್ವಾಗ ಎದುರು ಪ್ರಶ್ನೆ ಕೇಳಿದ್ರಾ, ಸತ್ತವರ ಬದುಕಿಗೆ ಎಷ್ಟು ಹೊತ್ತು ಕೊಟ್ರು. ಅದನ್ನ ಓದಿ ಯಾವುದನ್ನ ನೋಡ್ಬೇಕು, ಯಾವುದನ್ನ ಬಿಡ್ಬೇಕು ಅಂತ ನಾವು ತೀರ್ಮಾನ ಮಾಡ್ಕೋತೀವಿ.

ಇಂತಿ,
ನಿಮ್ಮ ಓದುಗ