ಗರಡಿಯ ಮಣ್ಣಿನಲ್ಲಿ ಸಿಗುವ ನೆಮ್ಮದಿ

ಮಾನ್ಯರೇ,

ದಸರಾ ಸಮೀಪಿಸಿದಾಗ ಮಾತ್ರ ಕುಸ್ತಿಯನ್ನು ನೆನೆಯುವ ನಾವು, ಮೈಸೂರಿನ ಗರಡಿಮನೆಗಳಲ್ಲಿ ದೇಹದೊಡನೆ ಮನಸ್ಸೂ ಪಳಗುತ್ತದೆ ಎಂಬುದನ್ನು ಮರೆತಿದ್ದೇವೆ. ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಆಂಜನೇಯನಿಗೆ ಕೈಮುಗಿದು, ಅರಿಶಿನ, ಕುಂಕುಮ, ಎಣ್ಣೆ ಬೆರೆಸಿ ಹದಗೊಳಿಸಿದ ಕೆಮ್ಮಣ್ಣನ್ನು ಮುಟ್ಟಿ ಹಣೆಗೊತ್ತಿಕೊಂಡ ಬಳಿಕವೇ ಸಾಮು ಆರಂಭಿಸುವ ಪೈಲ್ವಾನನಿಗೆ ಅದು ಬರಿಯ ಕಸರತ್ತಲ್ಲ, ಪೂಜೆಯೂ ಹೌದು. ಬಸ್ಕಿ ಹೊಡೆಯುತ್ತ ಉಸಿರು ಲಯಕ್ಕೆ ಬಂದಾಗ ಚಿಂತೆಗಳು ತಾವಾಗಿಯೇ ಹಿಂದೆ ಸರಿಯುವುದನ್ನು ಹರೆಯದಲ್ಲಿ ನಾನೂ ಅನುಭವಿಸಿದ್ದೇನೆ (ಜಪಮಾಲೆ ಹಿಡಿದಿರುತ್ತಿದ್ದ ನಮ್ಮಜ್ಜಿ ಇದನ್ನು ಒಪ್ಪುತ್ತಿರಲಿಲ್ಲ, ಅದು ಬೇರೆ ಮಾತು). ವಿಜಯದಶಮಿಯಂದು ಅರಮನೆಯಲ್ಲಿ ನಡೆಯುವ ಜೆಟ್ಟಿಗಳ (ಪಾರಂಪರಿಕ ಮಲ್ಲರ) ವಜ್ರಮುಷ್ಟಿ ಕಾಳಗ, ಅಂದರೆ ಬೆರಳುಗಳಿಗೆ ಮೊನಚಾದ ಆಯುಧ ತೊಟ್ಟು ನಡೆಸುವ ಕಾದಾಟ ಕೂಡ, ಮೊದಲ ರಕ್ತ ಕಂಡೊಡನೆ ನಿಲ್ಲುತ್ತದೆ; ಅಲ್ಲಿ ದ್ವೇಷಕ್ಕೆ ಎಡೆಯಿಲ್ಲ. ಹಳೆಯ ಗರಡಿಗಳನ್ನು ದುರಸ್ತಿಗೊಳಿಸಿ, ಮುಂಜಾನೆಯ ಹೊತ್ತು ಶಾಲಾ ಮಕ್ಕಳಿಗೂ ತೆರೆದಿಡಲು ಮಹಾನಗರ ಪಾಲಿಕೆಯು ನೆರವಾಗಬೇಕೆಂದು ಕೋರುತ್ತೇನೆ.

– ಓರ್ವ ಓದುಗ, ಮೈಸೂರು