ರೈಲು ನೋಡಲು ಬಂದ ಮಕ್ಕಳನ್ನು ಓಡಿಸಬೇಡಿ: ರೈಲ್ವೆ ಅಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ವಿಭಾಗೀಯ ರೈಲ್ವೆ ವ್ಯವಸ್ಥಾಪಕರೇ,

ನಮಸ್ಕಾರ. ನನ್ನ ಕೋರಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ವಿಭಾಗದ ಪ್ರತಿ ಸ್ಟೇಷನ್ನಿನಲ್ಲೂ ಒಂದು ಬೋರ್ಡ್ ಹಾಕಿಸಿ. ಪ್ಲಾಟ್‌ಫಾರಂ ಟಿಕೆಟ್ ತೆಗೆದುಕೊಂಡು ದೊಡ್ಡವರ ಜೊತೆ ಬಂದ ಮಕ್ಕಳು ಹಳದಿ ಗೆರೆಯ ಈಚೆ ನಿಂತು ರೈಲು ನೋಡಬಹುದು, ಇಂಜಿನ್ ನಂಬರ್ ಬರೆದುಕೊಳ್ಳಬಹುದು ಅಂತ ಕನ್ನಡದಲ್ಲಿ ಬರೆಸಿ. ಇದನ್ನೇ ಕೌಂಟರಿನಲ್ಲಿ ಹೇಳಿದ್ದೇನೆ, ದೂರಿನ ಪುಸ್ತಕದಲ್ಲಿ ಬರೆದಿದ್ದೇನೆ, ಮೇಲಿನವರಿಗೆ ಪತ್ರವನ್ನೂ ಹಾಕಿದ್ದೇನೆ. ಯಾರೂ ಉತ್ತರ ಕೊಡಲಿಲ್ಲ. ಅದಕ್ಕೇ ಈಗ ಎಲ್ಲರ ಮುಂದೆ ಬರೆಯುತ್ತಿದ್ದೇನೆ.

ನನ್ನ ಮಗ ಆರನೇ ಕ್ಲಾಸು. ಅವನಿಗೆ ರೈಲಿನ ಹುಚ್ಚು. ಇಂಜಿನ್ ಮೇಲೆ ಡಬ್ಲ್ಯುಎಪಿ-7 ಅಂತ ಬರೆದಿರುತ್ತದಲ್ಲ, ಅದರಲ್ಲಿ ಡಬ್ಲ್ಯು ಅಂದರೆ ಬ್ರಾಡ್‌ಗೇಜ್ (ಅಗಲ ಹಳಿ), ಎ ಅಂದರೆ ಎಸಿ ಕರೆಂಟಿನಲ್ಲಿ ಓಡುವಂಥದ್ದು, ಪಿ ಅಂದರೆ ಪ್ಯಾಸೆಂಜರ್ ಗಾಡಿ ಎಳೆಯುವಂಥದ್ದು. ಇದನ್ನೆಲ್ಲ ನನಗೆ ಕಲಿಸಿದ್ದು ಅವನೇ. ಬೋಗಿಯ ನಂಬರಿನ ಮೊದಲ ಎರಡು ಅಂಕಿ ನೋಡಿ ಅದು ತಯಾರಾದ ವರ್ಷ ಹೇಳುತ್ತಾನೆ. ಕೊನೆಯ ಬೋಗಿ ದಾಟಿತೆಂದು ಖಾತ್ರಿಯಾದರೆ ತಾನೇ ಗಾಡಿ ಪೂರ್ತಿ ಬಂದಿದೆ, ನಡುವೆ ಎಲ್ಲೂ ಕಳಚಿಕೊಂಡಿಲ್ಲ ಅಂತ ಸ್ಟೇಷನ್ನಿನವರಿಗೆ ಗೊತ್ತಾಗುವುದು? ಅದಕ್ಕೇ ಅದರ ಹಿಂದೆ ಗುರುತು ಇರುತ್ತದೆ ಅಂತ ಅಜ್ಜಿಗೆ ಕೂರಿಸಿಕೊಂಡು ವಿವರಿಸಿದ. ಲೆಕ್ಕ ಅಂದರೆ ಅಳುತ್ತಿದ್ದ ಹುಡುಗ ಈಗ ಟೈಮ್‌ಟೇಬಲ್ ಹಿಡಿದು ಯಾವ ಗಾಡಿ ಗಂಟೆಗೆ ಎಷ್ಟು ಕಿಲೋಮೀಟರ್ ಓಡುತ್ತದೆ ಅಂತ ತಾನೇ ಲೆಕ್ಕ ಹಾಕುತ್ತಾನೆ. ಮೊಬೈಲ್ ಕೇಳುವುದಿಲ್ಲ. ಇಂಥ ಮಕ್ಕಳು ಬೇಕು ಅಂತಲೇ ಅಲ್ವಾ ನಾವೆಲ್ಲ ಹೇಳುವುದು?

ಬೇಸಿಗೆ ರಜೆಯಲ್ಲಿ ಏನಾಯಿತು ಕೇಳಿ. ನಮ್ಮೂರಿನ ಸ್ಟೇಷನ್ನಿನಲ್ಲಿ ಎದುರಿನಿಂದ ಬರುವ ಗಾಡಿಗೆ ದಾರಿ ಬಿಡಲು ಒಂದು ಗೂಡ್ಸ್ ಗಾಡಿ ಕ್ರಾಸಿಂಗಿಗೆ ನಿಂತಿತ್ತು. ಮಗ ನನ್ನ ಪಕ್ಕದಲ್ಲೇ ನಿಂತು ಇಂಜಿನ್ನಿನ ಐದಂಕಿ ನಂಬರನ್ನು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದ. ಸಮವಸ್ತ್ರದಲ್ಲಿದ್ದ ಒಬ್ಬರು ಬಂದು ಪುಸ್ತಕ ಕಿತ್ತುಕೊಂಡರು. "ಯಾರಿಗೆ ಕೊಡೋಕೆ ಇದು?" ಅಂತ ಕೇಳಿದರು. ಹನ್ನೊಂದು ವರ್ಷದ ಮಗುವಿಗೆ ಕೇಳುವ ಪ್ರಶ್ನೆಯೇ ಇದು? ನಮ್ಮಿಬ್ಬರನ್ನೂ ಒಂದು ರೂಮಿನಲ್ಲಿ ಕೂರಿಸಿದರು. ಸಾಹೇಬರು ಬರಲಿ ಅಂದರು. ಸಾಹೇಬರು ಬರಲೇ ಇಲ್ಲ. ಮಗ ಕಣ್ಣೀರು ಹಾಕುತ್ತಾ, "ಅಂಕಲ್, ಬೇಕಾದ್ರೆ ಹಾಳೆ ಹರಿದುಕೊಳ್ಳಿ, ಅಮ್ಮನ್ನ ಬಿಟ್ಬಿಡಿ" ಅಂದ. ಅವರು ಹರಿದೇಬಿಟ್ಟರು. ಬರೆದಿದ್ದ ಹಾಳೆಗಳನ್ನೆಲ್ಲ ಕಿತ್ತು, ಉಳಿದ ಪುಸ್ತಕ ವಾಪಸ್ ಕೊಟ್ಟರು.

ಅಲ್ಲಿಗೂ ಮುಗಿಯಲಿಲ್ಲ. ಪ್ಲಾಟ್‌ಫಾರಂ ಟಿಕೆಟ್ 2 ಗಂಟೆಗೆ ಮಾತ್ರ ಅನ್ನುವುದು ನಿಮಗೆ ಗೊತ್ತೇ ಇದೆ. ಅವರ ರೂಮಿನಲ್ಲಿ ಕೂತೇ ಅವಧಿ ಮೀರಿತ್ತು. ಹೊರಗೆ ಬರುವಾಗ ಗೇಟಿನಲ್ಲಿ ದಂಡ ಹಾಕಿದರು! ಕೂರಿಸಿದವರೂ ನಿಮ್ಮವರೇ, ದಂಡ ಹಾಕಿದವರೂ ನಿಮ್ಮವರೇ. ಜನರೆಲ್ಲ ನೋಡುತ್ತಿದ್ದರು. ಕಟ್ಟಿ ಬಂದೆ. ಆ ಅವಮಾನ ಇವತ್ತಿಗೂ ಹೊಟ್ಟೆಯಲ್ಲಿ ಉರಿಯುತ್ತಿದೆ ಸಾರ್.

ನಿಯಮ ಏನು ಅಂತ ನಾನು ನಿಮಗೆ ಹೇಳಬೇಕಾಗಿಲ್ಲ. ನಿಮಗೆ ಗೊತ್ತಿರುವುದನ್ನು ಕೆಳಗಿನವರಿಗೂ ತಿಳಿಸಿ, ಗೋಡೆಗೂ ಹಾಕಿಸಿ. ಭದ್ರತೆ ಬೇಡ ಅಂತ ಯಾರೂ ಹೇಳುತ್ತಿಲ್ಲ. ಆದರೆ ಆ ನಂಬರನ್ನು ಎಲ್ಲರಿಗೂ ಕಾಣಲಿ ಅಂತಲೇ ದಪ್ಪ ಅಕ್ಷರದಲ್ಲಿ ಬರೆದಿರುತ್ತೀರಿ. ಅದನ್ನು ಓದಿದ್ದು ತಪ್ಪಾ? ಪ್ಲಾಟ್‌ಫಾರಂನಿಂದ ಓಡಿಸಿದರೆ ಮಕ್ಕಳು ಆಸೆ ಬಿಡುವುದಿಲ್ಲ. ಹಳಿಯ ಪಕ್ಕಕ್ಕೆ ಹೋಗುತ್ತಾರೆ, ಸೇತುವೆ ಹತ್ತುತ್ತಾರೆ. ಮೇಲಿನ ತಂತಿಯಲ್ಲಿ 25,000 ವೋಲ್ಟ್ ಇರುತ್ತದೆ, ಹತ್ತಿರ ಹೋಗಲೇಬಾರದು ಅಂತ ನನ್ನ ಮಗನಿಗೆ ಗೊತ್ತಾಗಿದ್ದು ಇದೇ ಹುಚ್ಚಿನಿಂದ. ಸುಮ್ನೆ ಗದರಿಸಿ ಕಳಿಸಿದ ಮಗುವಿಗೆ ಇದನ್ನು ಯಾರು ಹೇಳಿಕೊಡುತ್ತಾರೆ?

ಮೈಸೂರಿನಲ್ಲಿ 1979ರಿಂದ ರೈಲು ಮ್ಯೂಸಿಯಂ ಇದೆ. ಹುಬ್ಬಳ್ಳಿಯಲ್ಲೂ 2020ರಲ್ಲಿ ಒಂದಾಯಿತು. ಎರಡೂ ಬಹಳ ಚೆನ್ನಾಗಿವೆ, ಮಕ್ಕಳಿರುವವರು ಹೋಗಿ ಬನ್ನಿ. ಆದರೆ ಅಲ್ಲಿರುವುದು ಕೆಲಸ ಮುಗಿಸಿ ನಿಂತ ಇಂಜಿನ್‌ಗಳು. ಗಾಡಿ ಬರುವಾಗ ಪ್ಲಾಟ್‌ಫಾರಂ ನಡುಗುವುದನ್ನು, ಹಸಿರು ಬಾವುಟ ಹಿಡಿದು ಗಾರ್ಡ್ ಬಗ್ಗಿ ನೋಡುವುದನ್ನು ಸ್ಟೇಷನ್ನಿನಲ್ಲೇ ನೋಡಬೇಕು. ಹುಬ್ಬಳ್ಳಿಯಲ್ಲಿ 1,507 ಮೀಟರ್ ಉದ್ದದ ಪ್ಲಾಟ್‌ಫಾರಂ ಕಟ್ಟಿ ನಾಡಿಗೇ ಹೆಮ್ಮೆ ತಂದ ರೈಲ್ವೆಗೆ, ಒಂದು ಮಗು ನೋಟ್‌ಬುಕ್ ಹಿಡಿದು ನಿಲ್ಲುವಷ್ಟು ಜಾಗ ಕೊಡುವುದು ಕಷ್ಟವೇ?

ವರ್ಷಕ್ಕೊಂದು ಸಲ ಶಾಲೆ ಮಕ್ಕಳನ್ನು ಇಂಜಿನ್ ರಿಪೇರಿ ಮಾಡುವ ಲೋಕೋ ಶೆಡ್‌ಗೆ ಕರೆದುಕೊಂಡು ಹೋಗಿ ತೋರಿಸಿದರೆ ಇನ್ನೂ ಒಳ್ಳೆಯದು. ಅದು ಆಮೇಲೆ ಆಗಲಿ. ಮೊದಲು ಬೋರ್ಡ್. ಅದಕ್ಕೆ ಜಾಸ್ತಿ ದುಡ್ಡು ಬೇಕಿಲ್ಲ, ನಿಮ್ಮ ಒಂದು ಆದೇಶ ಸಾಕು.

ಆ ದಿನದಿಂದ ಮಗ ಸ್ಟೇಷನ್ನಿಗೆ ಬರಲು ಒಪ್ಪುತ್ತಿಲ್ಲ. ಬೋರ್ಡ್ ಹಾಕಿದರೆ ಅದರ ಮುಂದೆ ನಿಲ್ಲಿಸಿ ಓದಿಸುತ್ತೇನೆ ಅಂತ ಮಾತು ಕೊಟ್ಟಿದ್ದೇನೆ. ಯಾವಾಗ ಹಾಕಿಸುತ್ತೀರಿ? ದಯವಿಟ್ಟು ತಾರೀಖು ತಿಳಿಸಿ.

ಇಂತಿ,
ಒಬ್ಬ ತಾಯಿ