ಸಮುದ್ರ ದೂರ ಇದ್ದರೆ ಬೋರ್ಡ್ ದೊಡ್ಡದೇ ಇರಲಿ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಸರ್ಫಿಂಗ್ (ಬೋರ್ಡ್ ಮೇಲೆ ನಿಂತು ಅಲೆಯ ಜತೆ ಸಾಗುವ ಆಟ) ಕಲಿಯುವವರಿಗಾಗಿ ಬಂದ ಬರಹ ಓದಿದೆ. ಚೆನ್ನಾಗಿತ್ತು, ಫೋಟೋಗಳೂ ಚೆನ್ನಾಗಿದ್ದವು. ಆದರೆ ಒಂದು ಸಾಲನ್ನು ಮಾತ್ರ ಹಾಗೇ ಬಿಡೋಕೆ ಮನಸ್ಸಿಲ್ಲ. ಕರಾವಳಿಯಿಂದ ದೂರ ಇರುವವರು ಮೊದಲ ಬೋರ್ಡ್ ಕೊಳ್ಳುವಾಗ ಕಾರಿನೊಳಗೆ ಹಿಡಿಸುವ ಆರಡಿಯ ಬೋರ್ಡ್ ನೋಡಬಹುದು, ಸಾಗಿಸಲು ಸುಲಭ ಅಂತ ಬರೆದಿದ್ದೀರಿ. ನಾನು ಇರೋದು ಹೊಸೂರಿನಲ್ಲಿ. ಇಲ್ಲಿಂದ ಚೆನ್ನೈ ಕಡೆಯ ಸಮುದ್ರಕ್ಕೆ 300 ಕಿಲೋಮೀಟರ್ ಮೇಲಾಗುತ್ತದೆ. ಮೂಲ್ಕಿ ಇನ್ನೂ ದೂರ, ನಡುವೆ ಬೆಂಗಳೂರಿನ ಟ್ರಾಫಿಕ್ಕು, ಹಾಸನ, ಶಿರಾಡಿ ಘಾಟಿ ಎಲ್ಲಾ ದಾಟಬೇಕು. ಅಂದರೆ ನೀವು ಹೇಳಿದ ಆ 'ದೂರ ಇರುವವರು' ನಾವೇ. ನಮ್ಮಂಥವರಿಗೆ ಈ ಸಲಹೆ ಪೂರ್ತಿ ಉಲ್ಟಾ.

ಯಾಕೆ ಅಂತ ಹೇಳುತ್ತೇನೆ. ಸಮುದ್ರದ ಪಕ್ಕದಲ್ಲೇ ಮನೆ ಇರುವ ಹುಡುಗ ಚಿಕ್ಕ ಬೋರ್ಡ್ ತಂದುಕೊಂಡರೂ ಹೇಗೋ ನಡೆಯುತ್ತದೆ. ದಿನಾ ಬೆಳಿಗ್ಗೆ ನೀರಿಗಿಳಿಯುತ್ತಾನೆ, ಬೀಳುತ್ತಾನೆ, ಕೈಗೆ ಬಲ ಬರುತ್ತದೆ, ಕೆಲವು ತಿಂಗಳಲ್ಲಿ ಪಳಗುತ್ತಾನೆ. ನಮಗೆ ಸಿಗೋದು ಎರಡು ದಿನದ ರಜೆ. ಅದರಲ್ಲೂ ಅರ್ಧ ಪ್ರಯಾಣಕ್ಕೇ ಹೋಗುತ್ತದೆ. ಉಳಿದ ನಾಲ್ಕಾರು ಗಂಟೆಯಲ್ಲಿ ಎಷ್ಟು ಸಲ ಅಲೆ ಸಿಕ್ಕಿತು, ಎಷ್ಟು ಸಲ ಎದ್ದು ನಿಂತಿರಿ ಅನ್ನೋದರ ಮೇಲೇ ಕಲಿಕೆ ನಿಂತಿದೆ. ದೊಡ್ಡ ಬೋರ್ಡಿನಲ್ಲಿ ಅಲೆ ಬೇಗ ಸಿಗುತ್ತದೆ. ಚಿಕ್ಕದರಲ್ಲಿ ಹೊಸಬರಿಗೆ ಸಿಗೋದೇ ಅಪರೂಪ. ಕಾರಿನಲ್ಲಿ ಹಿಡಿಸುತ್ತದೆ ಅಂತ ತಂದು, ಸಮುದ್ರದಲ್ಲಿ ಸುಮ್ನೆ ತೇಲಿಕೊಂಡಿದ್ದು ವಾಪಸ್ ಬರೋದಕ್ಕೆ ಅಷ್ಟು ದೂರ ಹೋಗಬೇಕಾ?

ಇದರ ಹಿಂದಿನ ಲೆಕ್ಕ ಸರಳ. ಸರ್ಫ್‌ಬೋರ್ಡಿನ ಗಾತ್ರವನ್ನು ಲೀಟರ್‌ನಲ್ಲೂ ಹೇಳುತ್ತಾರೆ. ಬೋರ್ಡ್ ಪೂರ್ತಿ ಮುಳುಗಿದರೆ ಎಷ್ಟು ಲೀಟರ್ ನೀರು ಪಕ್ಕಕ್ಕೆ ಸರಿಯುತ್ತದೋ ಅದೇ ಆ ಸಂಖ್ಯೆ. ಒಂದು ಲೀಟರ್ ಸಮುದ್ರದ ನೀರು ಒಂದು ಕಿಲೋಗಿಂತ ಸ್ವಲ್ಪ ಜಾಸ್ತಿ ತೂಗುತ್ತದೆ, ಹಾಗಾಗಿ 80 ಲೀಟರ್ ಬೋರ್ಡ್ ಸುಮಾರು 80 ಕಿಲೋ ಹೊರುತ್ತದೆ ಅಂದುಕೊಳ್ಳಿ, ಅದರಲ್ಲಿ ಬೋರ್ಡಿನ ಸ್ವಂತ ತೂಕವೂ ಸೇರಿತು. ಸ್ಪರ್ಧೆಯಲ್ಲಿ ಬಳಸುವ ಆರಡಿಯ ಚೂಪು ಮೂತಿಯ ಬೋರ್ಡ್ ಹೆಚ್ಚು ಕಡಿಮೆ 30 ಲೀಟರ್ ಅಷ್ಟೇ. 70 ಕಿಲೋದ ಮನುಷ್ಯ ಅದರ ಮೇಲೆ ಬೋರಲು ಮಲಗಿದರೆ ಬೋರ್ಡೂ ಎದೆಯೂ ನೀರೊಳಗೇ ಇರುತ್ತವೆ. ಕೈ ಬೀಸಿ ಬೀಸಿ ಭುಜ ಸೋಲುತ್ತದೆ, ಅಲೆ ಮಾತ್ರ ಅಡಿಯಿಂದ ದಾಟಿ ಹೋಗುತ್ತದೆ. ಅಲೆ ನಮ್ಮನ್ನು ಎತ್ತಿಕೊಂಡು ಹೋಗಬೇಕಾದರೆ ಅದರ ವೇಗಕ್ಕೆ ಹತ್ತಿರ ನಾವೂ ಸಾಗುತ್ತಿರಬೇಕು. ಉದ್ದ, ಅಗಲ, ದಪ್ಪ ಇರುವ ಬೋರ್ಡ್ ನೀರಿನ ಮೇಲೆ ಜಾರುತ್ತದೆ, ಸ್ವಲ್ಪ ಕೈ ಬೀಸಿದರೂ ಸಾಕು. ಕಲಿಯುವವರು ಮೊದಲು ಆಡೋದು ಒಡೆದು ನೊರೆಯಾಗಿ ಬರುವ ಅಲೆಯಲ್ಲಿ. ಅದು ದೊಡ್ಡ ಬೋರ್ಡನ್ನು ತಾನೇ ದಡದ ಕಡೆ ತಳ್ಳುತ್ತದೆ. ನಿಮಗೆ ಉಳಿಯೋದು ಏಳುವ ಕೆಲಸ ಮಾತ್ರ.

ಹಾಗಾದರೆ ಎಷ್ಟು ದೊಡ್ಡದು? ಸಾಮಾನ್ಯ ಮೈಕಟ್ಟಿನ ದೊಡ್ಡವರಿಗೆ 8 ಅಡಿ ಉದ್ದ, 22 ಇಂಚಿಗೆ ಕಡಿಮೆ ಇಲ್ಲದ ಅಗಲ, 3 ಇಂಚಿನ ಆಸುಪಾಸು ದಪ್ಪ. ಲೀಟರ್ ಸಂಖ್ಯೆ ನಿಮ್ಮ ದೇಹದ ಕಿಲೋಗಿಂತ ಕಡಿಮೆ ಬೇಡ, ಜಾಸ್ತಿ ಇದ್ದರೆ ಒಳ್ಳೆಯದೇ. 80-85 ಕಿಲೋ ದಾಟಿದವರು 9 ಅಡಿಯದೇ ನೋಡಲಿ, ನಾಚಿಕೆ ಬೇಡ. ಬರೀ ಉದ್ದ ನೋಡಿ ಕೊಳ್ಳಬೇಡಿ. ಒಂದೇ ಉದ್ದದ ಎರಡು ಬೋರ್ಡುಗಳಲ್ಲಿ ಒಂದು ತೆಳ್ಳಗೆ, ಚೂಪಗೆ ಇದ್ದು ಇನ್ನೊಂದಕ್ಕಿಂತ ಎಷ್ಟೋ ಲೀಟರ್ ಕಡಿಮೆ ಇರುತ್ತದೆ. ಮೂತಿ ಗುಂಡಗಿರಲಿ. ಪಕ್ಕದಿಂದ ನೋಡಿದರೆ ಹೆಚ್ಚು ಕಡಿಮೆ ನೇರವಾಗಿರಲಿ. ಬಾಳೆಹಣ್ಣಿನ ಹಾಗೆ ಮೇಲೆ ಬಾಗಿದ ಬೋರ್ಡ್ ಕಡಿದಾದ ಅಲೆಗೆ ಸರಿ, ಕಲಿಯುವವರ ಸಣ್ಣ ಅಲೆಯಲ್ಲಿ ಅದು ನೀರನ್ನು ತಳ್ಳಿಕೊಂಡು ನಿಧಾನವಾಗುತ್ತದೆ.

ಇನ್ನು ಯಾವುದರಿಂದ ಮಾಡಿದ್ದು ಅನ್ನೋ ವಿಷಯ. ಇದರಲ್ಲಿ ನನಗೆ ಅನುಮಾನವೇ ಇಲ್ಲ, ಮೊದಲ ಬೋರ್ಡ್ ಅಂದರೆ ಸಾಫ್ಟ್ ಟಾಪ್. ಫೋಮ್ ಬೋರ್ಡ್ ಅಂತಲೂ ಕರೆಯುತ್ತಾರೆ. ಒಳಗೆ ಥರ್ಮಾಕೋಲ್ ಜಾತಿಯ ಹಗುರ ಫೋಮ್, ಅದಕ್ಕೆ ಬಿಗಿ ಕೊಡಲು ಸಾಮಾನ್ಯವಾಗಿ ಮರದ ಪಟ್ಟಿ, ಮೇಲೆ ಮೆತ್ತನೆಯ ಹೊದಿಕೆ, ಕೆಳಗೆ ನುಣುಪು ಪ್ಲಾಸ್ಟಿಕ್. ನೋಡಲು ಆಟದ ಸಾಮಾನಿನ ಹಾಗಿದೆ ಅಂತ ಹುಡುಗರು ಮೂಗು ಮುರಿಯುತ್ತಾರೆ. ಆದರೆ ಸರ್ಫಿಂಗ್‌ನಲ್ಲಿ ಪೆಟ್ಟು ಬೀಳೋದು ಹೆಚ್ಚಾಗಿ ತನ್ನದೇ ಬೋರ್ಡಿನಿಂದ, ಬಂಡೆಯಿಂದಲೋ ಮೀನಿನಿಂದಲೋ ಅಲ್ಲ. ಬಿದ್ದಾಗ ತಲೆಗೆ ಬಡಿಯೋದು ಫೈಬರ್ ಗ್ಲಾಸಾ, ಫೋಮಾ ಅನ್ನೋದರಲ್ಲಿ ತುಂಬಾ ವ್ಯತ್ಯಾಸ ಇದೆ, ಅಲ್ವಾ? ದೂರದವರಿಗೆ ಇನ್ನೊಂದು ಲಾಭ. ಫೈಬರ್ ಬೋರ್ಡಿನಲ್ಲಿ ಸಣ್ಣ ಬಿರುಕು ಬಿಟ್ಟರೂ ನೀರು ಒಳಗೆ ಹೋಗುತ್ತದೆ. ಒಣಗಿಸಿ, ಉಜ್ಜಿ, ರೆಸಿನ್ ಅನ್ನೋ ಅಂಟು ಹಾಕಿ ಮುಚ್ಚಬೇಕು. ಹೊಸೂರಿನಲ್ಲಿ ಲಾರಿಯ ಬಾಡಿ ಕಟ್ಟೋರು ಸಿಗುತ್ತಾರೆ, ಸರ್ಫ್‌ಬೋರ್ಡ್ ರಿಪೇರಿ ಮಾಡೋರು ಎಲ್ಲಿ ಸಿಗುತ್ತಾರೆ?

ಈಗ ಸಾಗಾಟ. ಇದು ನಿಜವಾದ ತಲೆನೋವು, ಒಪ್ಪುತ್ತೇನೆ. 8 ಅಡಿ ಅಂದರೆ ಸುಮಾರು 2.44 ಮೀಟರ್. ರೈಲಿನಲ್ಲಿ ಬೋಗಿಯೊಳಗೆ ಒಯ್ಯುವ ಪೆಟ್ಟಿಗೆಯ ಅಳತೆಗೆ 100 ಸೆಂಟಿಮೀಟರ್ ಉದ್ದ, 60 ಅಗಲ, 25 ಎತ್ತರ ಅನ್ನೋ ಮಿತಿ ಇದೆ, ಅದಕ್ಕಿಂತ ದೊಡ್ಡದನ್ನು ಬ್ರೇಕ್ ವ್ಯಾನಿಗೆ, ಅಂದರೆ ಸಾಮಾನಿನ ಡಬ್ಬಿಗೆ, ಬುಕ್ ಮಾಡಬೇಕು. ಆದರೆ ಗಮನಿಸಿ, ಆರಡಿಯ ಬೋರ್ಡ್ 183 ಸೆಂಟಿಮೀಟರ್. ಅದೂ ಈ ಮಿತಿಯೊಳಗೆ ಬರೋಲ್ಲ! ಬಸ್ಸಿನಲ್ಲೂ ಕಂಡಕ್ಟರ್ ಆರಡಿಗೂ ಬೈಯುತ್ತಾರೆ, ಎಂಟಡಿಗೂ ಬೈಯುತ್ತಾರೆ. ಚಿಕ್ಕ ಬೋರ್ಡಿನಿಂದ ಉಳಿಯೋದು ಸ್ವಂತ ಕಾರಿದ್ದವರಿಗೆ ಮಾತ್ರ, ಅವರಿಗೂ ಮೇಲೆ ಕಟ್ಟುವ ಶ್ರಮ ಉಳಿಯಿತು ಅಷ್ಟೇ.

ಕಟ್ಟೋದಾದರೆ ಹೀಗೆ ಕಟ್ಟಿ. ಕಾರಿನ ಮೇಲೆ ಮೆತ್ತೆ ಹಾಕಿ, ಬೋರ್ಡನ್ನು ಮಗುಚಿ, ಅಂದರೆ ನಾವು ನಿಲ್ಲುವ ಮುಖ ಕೆಳಗೆ ಮಾಡಿ, ಬಾಲದ ಭಾಗ ಕಾರಿನ ಮುಂದಕ್ಕೆ ಬರುವ ಹಾಗೆ ಇಡಿ. ಅಗಲದ ಪಟ್ಟಿಯಿಂದ ಎರಡು ಕಡೆ ಬಿಗಿಯಿರಿ. ಎಳೆದರೆ ಹಿಗ್ಗುವ ಹಗ್ಗ ಬೇಡ. ಪಟ್ಟಿಗೆ ಒಂದು ತಿರುವು ಕೊಟ್ಟರೆ ಹೆದ್ದಾರಿಯಲ್ಲಿ ಗಾಳಿಗೆ ಗುಂಯ್ ಅನ್ನೋದು ನಿಲ್ಲುತ್ತದೆ. ಹೊಸೂರಿನ ತಂಪು ನೋಡಿ ಮೋಸ ಹೋಗಬೇಡಿ. ಕೃಷ್ಣಗಿರಿ ದಾಟಿ ವೆಲ್ಲೂರು ಮುಟ್ಟುವ ಹೊತ್ತಿಗೆ ಬಿಸಿಲು ಬೇರೆಯೇ ಇರುತ್ತದೆ. ಊಟಕ್ಕೆ ನಿಲ್ಲಿಸಿದಾಗ ಬೋರ್ಡನ್ನು ಮುಚ್ಚಿದ ಕಾರಿನಲ್ಲೋ ಸುಡುಬಿಸಿಲಿನಲ್ಲೋ ಬಿಟ್ಟರೆ ಫೋಮ್ ಹಿಗ್ಗಿ ಮೇಲಿನ ಹೊದಿಕೆ ಗುಳ್ಳೆ ಏಳುತ್ತದೆ. ಅದಕ್ಕೆ ಔಷಧವಿಲ್ಲ. ನೆರಳು ನೋಡಿ ನಿಲ್ಲಿಸಿ. ಕಾಲು ಜಾರದ ಹಾಗೆ ಬೋರ್ಡಿಗೆ ಹಚ್ಚುವ ವ್ಯಾಕ್ಸ್ ಡಿಕ್ಕಿಯಲ್ಲಿಟ್ಟಿದ್ದರೆ ಅದೂ ಕರಗಿ ಹರಿದಿರುತ್ತದೆ.

ಗಾಳಿ ತುಂಬುವ ಬೋರ್ಡ್ ಇದೆಯಲ್ಲ, ಮಡಚಿ ಚೀಲದಲ್ಲಿ ಹಾಕಿಕೊಳ್ಳಬಹುದಲ್ಲ ಅಂತ ಕೆಲವರು ಕೇಳುತ್ತಾರೆ. ಆನ್‌ಲೈನ್‌ನಲ್ಲಿ ಸರ್ಫ್‌ಬೋರ್ಡ್ ಅಂತ ಹುಡುಕಿದರೆ ಬರುವ ಹತ್ತಡಿಯ ಗಾಳಿ ಬೋರ್ಡುಗಳಲ್ಲಿ ಬಹಳಷ್ಟು ನಿಂತು ಹುಟ್ಟು ಹಾಕುವಂಥವು, ಕೆರೆ ಹಿನ್ನೀರಿಗೆ ಲಾಯಕ್ಕು. ಅಲೆಯಲ್ಲಿ ಅವು ಬಳುಕುತ್ತವೆ, ದಪ್ಪ ಅಂಚು ನೀರನ್ನು ಕಚ್ಚೋದಿಲ್ಲ, ಗಾಳಿ ಬಂದರೆ ಹಾರಿಕೊಂಡು ಹೋಗುತ್ತವೆ. ಕೊಳ್ಳುವ ಮುಂಚೆ ಚಿತ್ರದಲ್ಲಿ ಹುಟ್ಟು ಇದೆಯಾ ನೋಡಿ.

ಆದರೆ ನನ್ನ ನಿಜವಾದ ಸಲಹೆ ಬೇರೆ. ಮೊದಲ ವರ್ಷ ಕೊಳ್ಳಲೇಬೇಡಿ. ಮೂಲ್ಕಿಯಲ್ಲೂ ಕೋವಲಂನಲ್ಲೂ (ಕೇರಳದ್ದಲ್ಲ, ಚೆನ್ನೈ ಹತ್ತಿರದ್ದು) ಸರ್ಫಿಂಗ್ ಶಾಲೆಗಳಿವೆ, ಪಾಠಕ್ಕೆ ಕೊಡೋದೂ ಇಂಥದೇ ದೊಡ್ಡ ಸಾಫ್ಟ್ ಟಾಪ್. ಬಾಡಿಗೆಗೆ ಒಂದು ಸಲ 9 ಅಡಿ, ಇನ್ನೊಂದು ಸಲ 8 ಅಡಿ ಕೇಳಿ ಪಡೆಯಿರಿ, ನಿಮ್ಮ ಮೈಗೆ ಯಾವುದು ಒಗ್ಗುತ್ತದೆ ಅಂತ ಗೊತ್ತಾಗುತ್ತದೆ. ಹೊಸೂರಿನವರಿಗೆ ಇದರಲ್ಲಿ ಒಂದು ಅದೃಷ್ಟವೂ ಇದೆ, ಎರಡು ಸಮುದ್ರದ ನಡುವೆ ಕೂತಿದ್ದೇವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬೀ ಸಮುದ್ರ ಉಕ್ಕುತ್ತಿರುತ್ತದೆ, ಹೊಸಬರು ಆ ಕಡೆ ಹೋಗಲೇಬಾರದು. ಅದೇ ಹೊತ್ತಿಗೆ ಚೆನ್ನೈ ಕಡೆ ತೆಂಕಣದಿಂದ ಅಲೆ ಬರುತ್ತವೆ, ದಿನ ನೋಡಿಕೊಂಡು ಕಲಿಯಬಹುದು. ಅಕ್ಟೋಬರ್ ಮೇಲೆ ಈಶಾನ್ಯ ಮಳೆ, ಚಂಡಮಾರುತ ಅಂತ ಅಲ್ಲಿ ಕೆಡುತ್ತದೆ, ಆಗ ಮೂಲ್ಕಿ, ಸಸಿಹಿತ್ಲು ಕಡೆ ಶಾಂತ, ಅಲೆ ಸಣ್ಣವು. ಸಣ್ಣ ಅಲೆಗೆ ಮತ್ತೆ ದೊಡ್ಡ ಬೋರ್ಡೇ ಬೇಕು. ಬಾಡಿಗೆಯಾದರೆ ಎರಡೂ ಕಡೆ ಕೈ ಬೀಸಿಕೊಂಡು ಹೋಗಬಹುದು. ಒಂದೇ ಎಚ್ಚರ, ಸಸಿಹಿತ್ಲಿನಲ್ಲಿ ನಂದಿನಿ, ಶಾಂಭವಿ ನದಿಗಳು ಸಮುದ್ರ ಸೇರುತ್ತವೆ, ಅಳಿವೆಯ ಹತ್ತಿರ ಸೆಳೆತ ಜೋರು. ಊರಿನ ಹುಡುಗರನ್ನು ಕೇಳದೆ ಇಳಿಯಬೇಡಿ. ಈಜು ಬಾರದವರು ಬೋರ್ಡಿನ ಮಾತೇ ಎತ್ತಬೇಡಿ.

ಊರಲ್ಲಿದ್ದಾಗ ಬೋರ್ಡ್ ಇಲ್ಲದೆ ಏನು ಅಭ್ಯಾಸ ಅಂತೀರಾ? ಈಜುಕೊಳ ಇದೆ, ಮನೆಯ ನೆಲ ಇದೆ. ಚಾಪೆಯ ಮೇಲೆ ಬೋರಲು ಮಲಗಿ, ಕೈ ಊರಿ, ಒಂದೇ ಏಟಿಗೆ ಎರಡು ಕಾಲ ಮೇಲೆ ನಿಲ್ಲೋದನ್ನು ಕಲಿತರೆ ಸಮುದ್ರದಲ್ಲಿ ಅರ್ಧ ಸಮಯ ಉಳಿಯುತ್ತದೆ. ಇಲ್ಲೇ ಹತ್ತಿರದ ಕೆಲವರಪಲ್ಲಿ ಅಣೆಕಟ್ಟೆಗೆ ಹೋಗೋಣ ಅಂದವರೂ ಇದ್ದಾರೆ. ಅಲ್ಲಿ ಅಲೆ ಇಲ್ಲದಿದ್ದರೂ ನೊರೆಗೆ ಬರವಿಲ್ಲ, ಆದರೆ ಅದು ಕೊಳಚೆಯ ನೊರೆ ಅಂತ ಇಲ್ಲಿಯವರಿಗೆ ಗೊತ್ತು. ಆ ನೀರಿಗೆ ಯಾರೂ ಇಳಿಯಬೇಡಿ.

ಪುರವಣಿಯ ಫೋಟೋಗಳ ಬಗ್ಗೆ ಒಂದು ಮಾತು. 2025ರ ಆಗಸ್ಟ್‌ನಲ್ಲಿ ಮಹಾಬಲಿಪುರಂನಲ್ಲಿ ನಡೆದ ಏಷ್ಯನ್ ಸರ್ಫಿಂಗ್ ಚಾಂಪಿಯನ್‌ಶಿಪ್‌ನಲ್ಲಿ ನಮ್ಮ ದೇಶದ ರಮೇಶ್ ಬೂದಿಹಾಳ್ ಕಂಚು ಗೆದ್ದ ಮೇಲೆ ನಮ್ಮ ಕಡೆಯ ಹುಡುಗರಿಗೂ ಸರ್ಫಿಂಗ್ ಹುಚ್ಚು ಹತ್ತಿದೆ, ಸಂತೋಷ. ಆದರೆ ಅವರು ನೋಡೋದು ಗೆದ್ದವರ ಕೈಯಲ್ಲಿರುವ ಚಿಕ್ಕ, ಚೂಪು ಬೋರ್ಡನ್ನು. ಅದೇ ಬೇಕು ಅಂತಾರೆ. ನನ್ನ ಜತೆ ಕೆಲಸ ಮಾಡುವ ಒಬ್ಬರು ಹಾಗೇ ಒಂದು ಸೆಕೆಂಡ್ ಹ್ಯಾಂಡ್ ತಂದರು, ಅದೀಗ ಅವರ ಹಾಲ್‌ನ ಗೋಡೆ ಮೇಲಿದೆ, ಬಂದವರೆಲ್ಲ ಹೊಗಳುತ್ತಾರೆ. ಮುಂದಿನ ಸಲ ಫೋಟೋ ಕೆಳಗೆ ಬೋರ್ಡಿನ ಅಡಿ, ಲೀಟರ್ ಎರಡನ್ನೂ ಹಾಕಿ. ಪಕ್ಕದಲ್ಲಿ ಕಲಿಯುವವರ ಬೋರ್ಡಿನ ಚಿತ್ರವೂ ಇದ್ದರೆ ಸಾಕು, ಅರ್ಧ ಜನ ಈ ತಪ್ಪಿನಿಂದ ಉಳಿದುಕೊಳ್ಳುತ್ತಾರೆ.

ಸೆಕೆಂಡ್ ಹ್ಯಾಂಡ್ ಕೊಳ್ಳೋದು ತಪ್ಪಲ್ಲ, ನೋಡಿ ಕೊಳ್ಳಬೇಕು. ಎತ್ತಿದರೆ ಅದೇ ಅಳತೆಯ ಬೇರೆ ಬೋರ್ಡಿಗಿಂತ ಭಾರ ಅನಿಸಿದರೆ ಒಳಗೆ ನೀರು ಕುಡಿದಿದೆ. ಹೆಬ್ಬೆರಳಿನಿಂದ ಒತ್ತಿ, ಹೊದಿಕೆ ಒಳಗಿನಿಂದ ಬಿಟ್ಟು ಬಂದಿದೆಯಾ ನೋಡಿ. ಅಡ್ಡಕ್ಕೆ ಗೆರೆ ಬಿದ್ದಿದ್ದರೆ ಒಮ್ಮೆ ಮುರಿಯುವಷ್ಟು ಬಾಗಿದೆ ಅಂತ ಅರ್ಥ, ಬೇಡ. ಬೋರ್ಡಿನ ಅಡಿಯಲ್ಲಿ ಮೀನಿನ ರೆಕ್ಕೆಯ ಹಾಗಿರುವ ಫಿನ್ ಕೂರುವ ಜಾಗ ಅಲ್ಲಾಡಬಾರದು. ಬೋರ್ಡನ್ನು ಕಾಲಿಗೆ ಕಟ್ಟುವ ಹಗ್ಗ, ಅಂದರೆ ಲೀಶ್, ಮಾತ್ರ ಹೊಸದೇ ತೆಗೆದುಕೊಳ್ಳಿ, ಹೆಚ್ಚು ಕಡಿಮೆ ಬೋರ್ಡಿನಷ್ಟೇ ಉದ್ದದ್ದು. ಹಳೆ ಲೀಶ್ ಕಿತ್ತು ಬಂದರೆ ಬೋರ್ಡ್ ಹೋಗಿ ಇನ್ನೊಬ್ಬರಿಗೆ ಬಡಿಯುತ್ತದೆ.

ನಮ್ಮ ಸುತ್ತಿನ ಡೆಂಕಣಿಕೋಟೆ, ತಳಿ, ಬಾಗಲೂರು ಕಡೆ ನಾಲ್ಕು ಜನ ಸೇರಿ ಒಂದು ಬೋರ್ಡ್ ಕೊಂಡು, ಸಮುದ್ರದ ಊರಿನಲ್ಲೇ ಗುರುತಿನವರ ಹತ್ತಿರವೋ ಕಲಿತ ಶಾಲೆಯಲ್ಲೋ ಕೇಳಿ ಇಟ್ಟುಬಿಟ್ಟರೆ ಸಾಗಾಟದ ಗೋಳೇ ಇಲ್ಲ. ಹಾಗೆ ಕೊಳ್ಳುವಾಗ ಗುಂಪಿನಲ್ಲಿ ತೂಕ ಜಾಸ್ತಿ ಇರುವವರ ಲೆಕ್ಕಕ್ಕೆ ಕೊಳ್ಳಿ. ತೂಕ ಕಡಿಮೆ ಇರುವವರಿಗೆ ದೊಡ್ಡ ಬೋರ್ಡಿನಿಂದ ತೊಂದರೆ ಇಲ್ಲ, ಮರಳಿನ ಮೇಲೆ ಹೊತ್ತುಕೊಂಡು ಹೋಗಲು ಇನ್ನೊಬ್ಬರ ಕೈ ಬೇಕಾಗುತ್ತದೆ ಅಷ್ಟೇ. ಮೂವತ್ತು ಮೂವತ್ತೈದು ಕಿಲೋದ ಮಕ್ಕಳಿಗಾದರೆ ನೀವು ಹೇಳಿದ ಆರಡಿಯೇ ಸರಿ, ಅದೂ ಸಾಫ್ಟ್ ಟಾಪ್ ಆಗಿದ್ದರೆ.

ಇಂತಿ,
ಹೊಸೂರಿನ ಒಬ್ಬ ಓದುಗ, ಕೃಷ್ಣಗಿರಿ ಜಿಲ್ಲೆ